ಮಂಗನ ಕಾಯಿಲೆ ಸೂಜಿಯ ಲೆಕ್ಕ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದು 1957ರಲ್ಲಿ. ಅದಾಗಿ ಮೂವತ್ತು ವರ್ಷ ಕಳೆದ ಮೇಲೆ ನಾನು ಸಾಗರ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಬಂದೆ. ಆದೇಶಪತ್ರದಲ್ಲಿ ಹುದ್ದೆಯ ಹೆಸರು ಅಷ್ಟುದ್ದ ಇತ್ತು, ಊರಿನವರಿಗೆ ನಾನು ನರ್ಸಮ್ಮ. ಉಣುಗು ಕಚ್ಚಿ ಬರುವ ಈ ಮಂಗನ ಕಾಯಿಲೆಯ ಬಗ್ಗೆ ಅಲ್ಲಿಯವರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇರಲಿಲ್ಲ. ಬೆಟ್ಟದಲ್ಲಿ ಮುಸ್ಯ, ಅಂದರೆ ಕರಿಮೂತಿಯ ಮಂಗ, ಸತ್ತಿದೆ ಎಂದು ದನ ಕಾಯುವ ಹುಡುಗರು ಸುದ್ದಿ ತಂದರೆ ಕೆಲವೇ ದಿನಗಳಲ್ಲಿ ಯಾವುದೋ ಮನೆಯಲ್ಲಿ ಜ್ವರ ಶುರುವಾಗುತ್ತಿತ್ತು. ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದ ನೋವು, ಕೆಂಪಾದ ಕಣ್ಣು, ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಇಳಿಯಿತು ಎಂದುಕೊಂಡ ಜ್ವರ ಒಂದೆರಡು ವಾರ ಬಿಟ್ಟು ತಿರುಗಿ ಬರುವುದೂ ಇತ್ತು. ಎರಡನೆಯ ಸಲ ಬಂದಾಗ ಕೆಲವರಿಗೆ ಮೆದುಳಿಗೇ ಏರುತ್ತಿತ್ತು. ಇದಕ್ಕೆಂದೇ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನೂರು ಜನರಿಗೆ ಬಂದರೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ಮದ್ದಿಲ್ಲದ ಕಾಯಿಲೆಗೆ ಸೂಜಿ ಇತ್ತು. ಆ ಸೂಜಿ ಈಗ ಇಲ್ಲ. ನನ್ನ ಕೆಲಸದ ಬಹುಪಾಲು ವರ್ಷ ಅದನ್ನು ಹಾಕುತ್ತ, ಹಾಕಿಸಿಕೊಳ್ಳಿ ಎಂದು ಮನೆ ಮನೆಗೆ ಹೇಳುತ್ತ ಕಳೆದವಳಾದ್ದರಿಂದ ಅದರ ಕಥೆ ಬರೆದಿಡಬೇಕು ಅನ್ನಿಸಿದೆ. ಸೂಜಿ ಬೇಡ ಅಂದವರನ್ನು ತಿಳಿವಳಿಕೆ ಇಲ್ಲದವರು ಎಂದು ಸಭೆಗಳಲ್ಲಿ ಎಷ್ಟು ಸಲ ಕರೆದದ್ದನ್ನು ಕೇಳಿದ್ದೇನೆ! ನಾನು ಕಂಡ ಮಟ್ಟಿಗೆ ಅವರು ಕೇಳುತ್ತಿದ್ದ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಮಾತ್ರ ತಡವಾಗಿ ಬಂತು.

ಕ್ಯಾಸನೂರಿನ ವೈರಸ್ಸಿಗೂ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್ಸಿಗೂ ಹತ್ತಿರದ ನೆಂಟಸ್ತಿಕೆ. ಹಾಗಾಗಿ ಶುರುವಿನಲ್ಲೇ, 1950ರ ದಶಕದ ಕೊನೆಗೆ, ಆ ಕಾಯಿಲೆಗೆಂದು ಇಲಿಮರಿಯ ಮೆದುಳಿನಲ್ಲಿ ತಯಾರಿಸಿದ್ದ ಲಸಿಕೆಯನ್ನೇ ಮಲೆನಾಡಿನ ಜನರಿಗೆ ಕೊಟ್ಟು ನೋಡಿದರು. ಪ್ರಯೋಜನವಾಗಲಿಲ್ಲ. ಪ್ರಯೋಜನವಾಗಲಿಲ್ಲ ಎಂದು ಲೆಕ್ಕ ಇಟ್ಟು, ಬರೆದು, ಪ್ರಕಟಿಸಿದರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಆಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರು ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಬೇರೆ ಲಸಿಕೆ ಮಾಡಿದರು. ನಾನು ಕೆಲಸಕ್ಕೆ ಸೇರಿದ ಆಸುಪಾಸಿನಲ್ಲಿ ಅದರ ತಯಾರಿಕೆ ಬೆಂಗಳೂರಿನ ಹೆಬ್ಬಾಳಕ್ಕೆ ಬಂತು. ಶಿವಮೊಗ್ಗದ ವೈರಸ್ ಪ್ರಯೋಗಾಲಯದಿಂದ ನಮ್ಮ ಆಸ್ಪತ್ರೆಗೆ, ಅಲ್ಲಿಂದ ಐಸ್ ತುಂಬಿದ ಕ್ಯಾರಿಯರ್‌ನಲ್ಲಿ ನನ್ನ ಹೆಗಲಿಗೆ.

ಆಗ ಸಿರಿಂಜು ಗಾಜಿನದು. ಉಪಕೇಂದ್ರದ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಸ್ಟೀಲಿನ ಸ್ಟೆರಿಲೈಜರ್ ಡಬ್ಬಿಯಲ್ಲಿ ನೀರು ಕುದಿಸಿ, ಸಿರಿಂಜಿನ ಕೊಳವೆ ಬೇರೆ, ದಂಡ ಬೇರೆ, ಸೂಜಿಗಳು ಬೇರೆ ಎಂದು ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ. ಆಮೇಲೆ ಚಿಮಟದಿಂದ ಒಂದೊಂದೇ ಎತ್ತಿ ಜೋಡಿಸುವುದು. ಒಂದೇ ಸೂಜಿಯನ್ನು ವಾರಗಟ್ಟಲೆ ಬಳಸುತ್ತಿದ್ದೆವು. ಮೊನೆ ಮೊಂಡಾಗಿದೆಯೋ ನೋಡಲು ಹತ್ತಿಯ ಮೇಲೆ ಎಳೆಯುತ್ತಿದ್ದೆ. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಎಂದು ಅರ್ಥ. ಸಣ್ಣ ಮಸೆಗಲ್ಲು ಕೊಟ್ಟಿದ್ದರು, ಅದರ ಮೇಲೆ ತಿಕ್ಕಿ ಮತ್ತೆ ಕುದಿಸುವುದು. ಈ ಸೂಜಿ ಬಹಳ ನೋಯುತ್ತದೆ ಎಂದು ಜನ ಹೇಳುತ್ತಿದ್ದುದರಲ್ಲಿ ಔಷಧಿಯ ಉರಿ ಎಷ್ಟು, ಮೊಂಡು ಸೂಜಿಯ ಪಾಲೆಷ್ಟು ಎಂದು ಆಗ ಬೇರ್ಪಡಿಸಿ ಹೇಳಲು ಸಾಧ್ಯವಿರಲಿಲ್ಲ. ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೂ ನೋವಿನ ದೂರು ನಿಲ್ಲಲಿಲ್ಲ. ಔಷಧಿಯೇ ಉರಿಯುತ್ತಿತ್ತು ಎಂದು ಆಗ ಖಾತ್ರಿಯಾಯಿತು.

ನೋವು ಸಣ್ಣ ವಿಷಯವಲ್ಲ. ಸೂಜಿ ಹಾಕುವ ಕಾಲ ಆಗಸ್ಟಿನಿಂದ ನವೆಂಬರ್. ಕಾಯಿಲೆ ಕಾಣಿಸುವುದು ಡಿಸೆಂಬರಿನಿಂದ ಮೇ ತನಕ, ಅದಕ್ಕೆ ಮೊದಲೇ ಮೈಯಲ್ಲಿ ರಕ್ಷಣೆ ಹುಟ್ಟಿರಬೇಕು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಏಳು ವರ್ಷದ ಮಗುವಿನಿಂದ ಅರವತ್ತೈದರ ಮುದುಕರವರೆಗೆ. ಮೊದಲನೆಯ ಡೋಸಿಗೆ ಗದ್ದೆ ಕಳೆಯ ಕೆಲಸ ಅಡ್ಡ ಬರುತ್ತಿತ್ತು, ಎರಡನೆಯದಕ್ಕೆ ಅಡಿಕೆ ಕೊಯ್ಲು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತಿದರೇ ಅವನ ಮನೆಯ ಒಲೆ ಉರಿಯುವುದು. ತೋಳು ಊದಿಕೊಂಡು ಎರಡು ದಿನ ಮರ ಅಪ್ಪಲಾಗದಿದ್ದರೆ ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಸುಗ್ಗಿಯಲ್ಲಿ ಅವನು ಬೇಡ ಅಂದರೆ ಅದು ಲೆಕ್ಕ ಹಾಕಿ ಅಂದದ್ದು. ಕಾಡಿಗೆ ಹೆಚ್ಚು ಹೋಗುವವನೂ ಅವನೇ, ಉಣುಗು ಹೆಚ್ಚು ಕಚ್ಚುವುದೂ ಅವನಿಗೇ. ಅವನ ಹೆಂಡತಿ ಜನವರಿ, ಫೆಬ್ರವರಿಯಲ್ಲಿ ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ಹೊತ್ತು ತಂದು ಕೊಟ್ಟಿಗೆ ಪಕ್ಕ ರಾಶಿ ಹಾಕುತ್ತಾಳೆ. ಆ ಒಣ ಎಲೆಯ ಜೊತೆ ಸಾಸಿವೆಕಾಳಿಗಿಂತ ಸಣ್ಣ ಉಣುಗಿನ ಮರಿ ಮನೆಯಂಗಳಕ್ಕೇ ಬರುತ್ತದೆ.

ದಡಾರ, ಪೋಲಿಯೊ ಲಸಿಕೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನ ಮಟ್ಟಿಗೆ ಅದೇ ಈ ಕಥೆಯ ನಡುಗಂಬ. ದಡಾರ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ. ಊರಿನಲ್ಲಿ ಬಹುಪಾಲು ಮಕ್ಕಳಿಗೆ ಲಸಿಕೆ ಆಗಿದ್ದರೆ ಆಗದ ಮಗುವಿಗೂ ಅವರ ಮರೆ ಸಿಗುತ್ತದೆ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ವೈರಸ್ ಉಣುಗು, ಇಲಿ ಹೆಗ್ಗಣ, ಮಂಗಗಳ ನಡುವೆ ಸುತ್ತುತ್ತಿರುತ್ತದೆ, ಮನುಷ್ಯನಿಗೆ ಬಂದರೆ ಅಲ್ಲಿಗೆ ಅದರ ದಾರಿ ಮುಗಿಯಿತು. ಊರಿಗೆ ಊರೇ ಸೂಜಿ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಒಬ್ಬನಿಗೆ ಅದರಿಂದ ಏನೂ ಸಿಗದು. ಯಾರ ತೋಳಿಗೆ ಬಿತ್ತೋ ಅವರಿಗಷ್ಟೇ ಅದು. ಅಂದ ಮೇಲೆ ಊರಿಗೋಸ್ಕರ ಹಾಕಿಸಿಕೊಳ್ಳಿ ಎಂದು ಹೇಳಲು ನಮಗೆ ಹಕ್ಕಿರಲಿಲ್ಲ. ಇದರಿಂದ ನಿನಗೆ ಎಷ್ಟು ಲಾಭ ಎಂದು ಹೇಳಬೇಕಾಗಿತ್ತು. ಆ ಎಷ್ಟು ಎಂಬುದನ್ನೇ ಜನ ಕೇಳುತ್ತಿದ್ದರು.

ಒಂದು ಜಗಲಿಯ ಮೇಲೆ ನಡೆದ ಮಾತು ಇವತ್ತಿಗೂ ಸ್ಪಷ್ಟವಾಗಿದೆ. ಮನೆಯ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ನರ್ಸಮ್ಮ, ಆಚೆಮನೆಯವ ಹೋದ್ವರ್ಷ ಎರಡು ಸಲ ಹಾಕಿಸ್ಕಂಡಿದ್ದ. ಅವಂಗೂ ಬಂತು. ಮತ್ತೆ ನಂಗೆ ಯಾಕೆ ಹೇಳ್ತ್ರಿ?"

"ಹಾಕಿಸ್ಕಂಡವರಿಗೆ ಬರೋದು ಕಮ್ಮಿ, ಹೆಗಡೇರೆ."

"ಎಷ್ಟು ಕಮ್ಮಿ?"

ನನ್ನ ಚೀಲದಲ್ಲಿ ಇದ್ದ ಕರಪತ್ರದಲ್ಲಿ ಮಂಗದ ಚಿತ್ರ ಇತ್ತು, ಉಣುಗಿನ ಚಿತ್ರ ಇತ್ತು, ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ ಎಂಬ ದಪ್ಪ ಅಕ್ಷರ ಇತ್ತು. ಎಷ್ಟು ಕಮ್ಮಿ ಎಂಬುದು ಮಾತ್ರ ಇರಲಿಲ್ಲ.

ಲೆಕ್ಕ ಆಗಿಯೇ ಇರಲಿಲ್ಲ ಅಂತಲ್ಲ. 1990ರಿಂದ 1992ರ ನಡುವೆ ನಮ್ಮ ಮಲೆನಾಡಿನಲ್ಲೇ ದೊಡ್ಡ ಕ್ಷೇತ್ರ ಪರೀಕ್ಷೆ ನಡೆದಿತ್ತು. ಅದರ ವರದಿ 1994ರಲ್ಲಿ ಬಂತು. ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಎಂದು ಅದರಲ್ಲಿದೆ. ಆ ಅಂಕಿ ನನ್ನ ಕಿವಿಗೆ ಬೀಳಲು ಬಹಳ ವರ್ಷ ಬೇಕಾಯಿತು, ಅದೂ ಒಂದು ತರಬೇತಿಯಲ್ಲಿ ಯಾರೋ ಬೋರ್ಡಿನ ಮೇಲೆ ಬರೆದದ್ದರಿಂದ. ತೊಂಬತ್ತಮೂರು ಕಂಡು ಖುಷಿಯಾಯಿತು. ಆದರೆ ಸೂಜಿ ಹಾಕುತ್ತಿದ್ದವರಿಗೆ, ಹಾಕಿಸಿಕೊಳ್ಳುತ್ತಿದ್ದವರಿಗೆ ಆ ಸಂಖ್ಯೆ ತಲುಪದಿದ್ದರೆ ಅದು ಯಾರಿಗಾಗಿ ಇತ್ತು ಎಂಬ ಪ್ರಶ್ನೆ ಅವತ್ತೇ ಮನಸ್ಸಿನಲ್ಲಿ ಎದ್ದಿತು. ಇನ್ನೊಂದು ವಿಷಯವೂ ಇತ್ತು. ಅದು ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ತೆಗೆದ ಲೆಕ್ಕ. ಸೂಜಿಗೆ ಬರುವವರು ಬಹುಮಟ್ಟಿಗೆ ಮನೆಯ ಹತ್ತಿರ ಇರುವವರು, ಬರದವರು ಕಾಡಿನಲ್ಲೇ ಇರುವವರು ಎಂಬುದನ್ನು ನನ್ನ ರಿಜಿಸ್ಟರ್ ನೋಡಿದರೇ ಹೇಳಬಹುದಿತ್ತು. ಹಾಗಿದ್ದಾಗ ರಕ್ಷಣೆಯಲ್ಲಿ ಸೂಜಿಯ ಪಾಲೆಷ್ಟು, ಮನೆಯಲ್ಲೇ ಇದ್ದುದರ ಪಾಲೆಷ್ಟು?

ಆಮೇಲೆ ಇಪ್ಪತ್ತು ವರ್ಷದಷ್ಟು ಕಾಲ ಅದೇ ಸಂಖ್ಯೆಯ ಮೇಲೆ ಕಾರ್ಯಕ್ರಮ ನಡೆಯಿತು. ಹಾಕಿಸಿಕೊಂಡವರಲ್ಲೂ ಕಾಯಿಲೆ ಕಾಣುತ್ತಲೇ ಇತ್ತು. 2013ರಲ್ಲಿ ಡಾ. ಜಿ. ಎಸ್. ಕಸಬಿ ಮತ್ತು ಅವರ ಜೊತೆಗಾರರ ಅಧ್ಯಯನ ಪ್ರಕಟವಾಯಿತು. ಕಸಬಿಯವರು ನಮ್ಮ ಶಿವಮೊಗ್ಗದಲ್ಲೇ ಈ ಕಾಯಿಲೆಯ ಕೆಲಸ ಮಾಡಿದವರು. 2005ರಿಂದ 2010ರವರೆಗಿನ ದಾಖಲೆ ಹಿಡಿದು, ಯಾರಿಗೆ ಎಷ್ಟು ಡೋಸ್ ಬಿದ್ದಿದೆ, ಅವರಲ್ಲಿ ಎಷ್ಟು ಜನರಿಗೆ ಕಾಯಿಲೆ ಬಂದಿದೆ ಎಂದು ಕೂಡಿಸಿ ನೋಡಿದ್ದರು. ಎರಡು ಡೋಸ್ ಮಾತ್ರ ಆದವರಿಗೆ ಶೇ 62.4, ಎರಡರ ಮೇಲೆ ಬೂಸ್ಟರ್ ಆದವರಿಗೆ ಶೇ 82.9. ಹಾಕಿಸಿಕೊಂಡವರ ಪ್ರಮಾಣವೂ ಕಡಿಮೆ ಎಂದು ಬರೆದಿದ್ದರು.

ಶೇ 62 ಅಂದರೆ ಏನು ಎಂದು ನಾನು ಆಶಾ ಕಾರ್ಯಕರ್ತೆಯರಿಗೆ ಹೀಗೆ ಹೇಳುತ್ತಿದ್ದೆ. ಸೂಜಿ ಇಲ್ಲದ ಗುಂಪಿನಲ್ಲಿ ನೂರು ಜನರಿಗೆ ಕಾಯಿಲೆ ಬಂದಿದೆ ಅಂತಿಟ್ಟುಕೊಳ್ಳಿ, ಅಷ್ಟೇ ಜನರಿರುವ, ಅಷ್ಟೇ ಕಾಡು ಸುತ್ತುವ ಗುಂಪಿಗೆ ಸೂಜಿ ಹಾಕಿದ್ದರೆ ಮೂವತ್ತೆಂಟು ಜನರಿಗೆ ಬರುತ್ತದೆ. ಬರುವುದೇ ಇಲ್ಲ ಅಂತಲ್ಲ. ಆ 62ರ ಬೆನ್ನಿಗೆ ಇನ್ನೆರಡು ಸಂಖ್ಯೆಗಳಿದ್ದವು. ನಿಜವಾದ ರಕ್ಷಣೆ ಶೇ 26ರಷ್ಟು ಕಡಿಮೆ ಇರಬಹುದು, 81ರಷ್ಟು ಹೆಚ್ಚೂ ಇರಬಹುದು, ಸಿಕ್ಕ ಮಾಹಿತಿಯಲ್ಲಿ ಇದಕ್ಕಿಂತ ಬಿಗಿಯಾಗಿ ಹೇಳಲಾಗದು ಎಂದು. ಬೂಸ್ಟರ್ ಆದವರ ವಿಷಯದಲ್ಲಿ ಅದು 71ರಿಂದ 90ರ ಒಳಗೆ. ಇವನ್ನೆಲ್ಲ ಕೇಳಿದ ಒಬ್ಬ ಆಶಾ, "ಅಕ್ಕಾ, ಇದನ್ನ ಜನಕ್ಕೆ ಹೇಳಿದ್ರೆ ಇನ್ನೂ ಯಾರೂ ಬರಲ್ಲ" ಅಂದಳು. ಹೇಳಿ ನೋಡಿದೆವು. ಬಂದವರು ಕಡಿಮೆಯಾಗಲಿಲ್ಲ. ಬೂಸ್ಟರ್ ಯಾಕೆ ಬೇಕು ಎಂಬುದು ಮೊದಲ ಸಲ ಅರ್ಥವಾಯಿತು ಎಂದು ಹೇಳಿದವರೇ ಹೆಚ್ಚು. ಅರವತ್ತೆರಡಕ್ಕೂ ಎಂಬತ್ತಮೂರಕ್ಕೂ ಇರುವ ಅಂತರ ಅಡಿಕೆ ರೇಟು ನೋಡುವ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ.

ದುರಂತ ಏನೆಂದರೆ ಬೂಸ್ಟರಿಗೆ ಜನ ಒಪ್ಪುವ ಹೊತ್ತಿಗೆ ಬೂಸ್ಟರ್ ಸಿಗುವುದೇ ಕಷ್ಟವಾಗಿತ್ತು. ಅದಕ್ಕೆ ಮೊದಲೇ, 2011ರಲ್ಲಿ, ಒಮ್ಮೆ ಬೂಸ್ಟರಿಗೆ ಲಸಿಕೆ ಇರಲಿಲ್ಲ. ಅದರ ಬೆನ್ನಿಗೇ ಬಂದ ಬೇಸಿಗೆಯಲ್ಲಿ ಕಾಯಿಲೆ ಹೆಚ್ಚಿದ್ದಕ್ಕೆ ಅದೂ ಕಾರಣವಿರಬಹುದು ಎಂದು ಕಸಬಿಯವರ ತಂಡದ ಇನ್ನೊಂದು ಬರಹದಲ್ಲಿದೆ. ನೋವು ತಡೆದುಕೊಂಡು ಎರಡು ಸಲ ಬಂದವನಿಗೆ ಮೂರನೆಯ ಸಲ "ಸ್ಟಾಕ್ ಇಲ್ಲ" ಎಂದು ಹೇಳಿ ಕಳಿಸಿದರೆ ಮುಂದಿನ ವರ್ಷ ಅವನನ್ನು ಕರೆಯಲು ಯಾವ ಮುಖ ಇಟ್ಟುಕೊಂಡು ಹೋಗುವುದು? ರಿಜಿಸ್ಟರಿನಲ್ಲಿ ಅಂಥವರ ಹೆಸರಿನ ಮುಂದೆ "ನಿರಾಕರಣೆ" ಎಂದು ಬರೆಯುವ ಕಾಲಂ ಇತ್ತು. ಕೊಡಲು ಇರಲಿಲ್ಲ ಎಂದು ಬರೆಯುವ ಕಾಲಂ ಇರಲಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ.

2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದಿತು. ಶರಾವತಿ ಕಣಿವೆಯ ಆ ಊರುಗಳಲ್ಲಿ ಒಂದರ ಹಿಂದೊಂದು ಸಾವು. ಸೂಜಿ ಬೇಡ ಅನ್ನುತ್ತಿದ್ದವರೆಲ್ಲ ಈಗ ಬೆಳಿಗ್ಗೆಯೇ ಬಂದು ಸಾಲು ನಿಂತರು. ಲಸಿಕೆ ಸಾಲದಾಯಿತು. ಸಾಲಿನಲ್ಲಿ ನಿಂತವರಿಗೆ ಹೇಳಲೇಬೇಕಾದ ಕಹಿ ಮಾತೊಂದಿತ್ತು: ಇವತ್ತು ಹಾಕಿದ್ದು ಈ ತಿಂಗಳಿಗೆ ಕೆಲಸಕ್ಕೆ ಬಾರದು, ಎರಡನೆಯದು ಬಿದ್ದು ಮೈಯಲ್ಲಿ ಶಕ್ತಿ ಕೂಡುವ ಹೊತ್ತಿಗೆ ಕಾಯಿಲೆಯ ಸುಗ್ಗಿಯೇ ಮುಗಿಯುತ್ತ ಬಂದಿರುತ್ತದೆ, ಅಲ್ಲಿಯವರೆಗೆ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆಯಿರಿ. ಸೂಜಿ ಆಯಿತಲ್ಲ ಎಂಬ ಧೈರ್ಯದಲ್ಲಿ ಮರುದಿನವೇ ದರಕಿಗೆ ಹೋದವರನ್ನು ಕಂಡಿದ್ದೇನೆ. ಕೈಯಲ್ಲಿ ಸಿರಿಂಜು ಹಿಡಿದವರು ಆ ಮಾತನ್ನು ಪ್ರತಿಯೊಬ್ಬರಿಗೂ ಹೇಳದಿದ್ದರೆ ಲಸಿಕೆಯೇ ಅಪಾಯಕ್ಕೆ ದಾರಿ ಮಾಡಿದಂತೆ.

2022ರ ಅಕ್ಟೋಬರಿನಲ್ಲಿ ಸರ್ಕಾರ ಈ ಲಸಿಕೆಯನ್ನು ನಿಲ್ಲಿಸಿತು. ಸಾಕಷ್ಟು ಪರಿಣಾಮಕಾರಿಯಲ್ಲ ಎಂಬುದೇ ಕಾರಣ. ಆ ವರ್ಷ ಕ್ಯಾರಿಯರ್ ತೊಳೆದು ಒಣಗಿಸಿ ಮೇಲೆ ಇಟ್ಟೆ. ಕೆಲವರು ಸಿಟ್ಟು ಮಾಡಿಕೊಂಡರು: ಇಷ್ಟು ವರ್ಷ ಸುಮ್ಮನೆ ಚುಚ್ಚಿದಿರಾ? ಸುಮ್ಮನೆ ಅಲ್ಲ, ಬೂಸ್ಟರ್ ತಪ್ಪದೆ ಹಾಕಿಸಿಕೊಂಡ ಬಹಳಷ್ಟು ಜನರಿಗೆ ಅದು ಉಪಯೋಗಕ್ಕೆ ಬಂದಿದೆ, ಆದರೆ ಇದಕ್ಕಿಂತ ಒಳ್ಳೆಯದು ನಿಮಗೆ ಸಿಗಬೇಕು ಎಂದು ಉತ್ತರಿಸಿದೆ. ಹಾಗೆ ಹೇಳಲು ನನಗೆ ಆಧಾರ ಕೊಟ್ಟದ್ದು 2013ರ ಆ ಸಂಖ್ಯೆಗಳೇ. ನಿಲ್ಲಿಸಿದ್ದು ಸರಿ ಎಂಬುದು ನನ್ನ ಅಭಿಪ್ರಾಯ. ಬದಲಿ ಸಿದ್ಧವಾಗುವ ಮೊದಲೇ ನಿಲ್ಲಿಸುವ ಪರಿಸ್ಥಿತಿ ಬಂದದ್ದು, ಮತ್ತೊಮ್ಮೆ ಅಳೆದು ನೋಡುವುದಕ್ಕೆ ಇಷ್ಟು ವರ್ಷ ತೆಗೆದುಕೊಂಡದ್ದು ಸರಿಯಲ್ಲ.

ಕೋವಿಡ್ ಕಾಲದಲ್ಲಿ ಇದೇ ಜನ, ಇದೇ ಜಗಲಿಗಳು. 2021ರಲ್ಲಿ ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವ ಪದ್ಧತಿ ಬಂತು, ಫೋನಿಗೆ ಸರ್ಟಿಫಿಕೇಟ್ ಬಂತು. ಮಂಗನ ಕಾಯಿಲೆ ಸೂಜಿಯ ಎಷ್ಟನೆಯ ಬೂಸ್ಟರ್ ಇದು ಎಂದು ನೆನಪಿಡಲು ಇದೇ ಜನ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕಿಕೊಳ್ಳುತ್ತಿದ್ದರು! 2025ರಲ್ಲಿ ಹಾಸನದ ಕಡೆ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸತ್ತ ಸುದ್ದಿ ಬಂದಾಗ ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ನಮ್ಮ ಊರಿಗೂ ಬಂತು. ಆ ಭಯವನ್ನು ನಾನು ತಳ್ಳಿಹಾಕಲಿಲ್ಲ, ಮಕ್ಕಳಿಗೆ ಏನಾದರೂ ಆದೀತೋ ಎಂಬ ಭಯ ಅದು. ಈ ಸಲ ಕೈಯಲ್ಲಿ ಉತ್ತರ ಇತ್ತು. ಐಸಿಎಂಆರ್‌ನವರು ದೇಶದ 47 ಆಸ್ಪತ್ರೆಗಳಲ್ಲಿ, 2021ರ ಅಕ್ಟೋಬರಿನಿಂದ 2023ರ ಮಾರ್ಚ್ ತನಕ ಹಠಾತ್ತನೆ ಸತ್ತ 18ರಿಂದ 45 ವರ್ಷದವರ ವಿವರ ಕಲೆಹಾಕಿ, ಅದೇ ವಯಸ್ಸಿನ, ಬದುಕಿರುವವರ ಜೊತೆ ಹೋಲಿಸಿ ನೋಡಿದ್ದರು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ವಿಪರೀತ ಕುಡಿದವರಲ್ಲಿ ಹೆಚ್ಚಿತ್ತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಯೂ ಲಸಿಕೆಗೆ ಸಂಬಂಧವಿಲ್ಲ ಎಂದೇ ಹೇಳಿತು. ಇದನ್ನು ಹೀಗೆ ಬಿಡಿಸಿ ಹೇಳಿದಾಗ ಒಪ್ಪಿದವರು ಇದ್ದರು, ಒಪ್ಪದವರೂ ಇದ್ದರು. ಕೊನೆಗೂ ಮಾತು ಸಂಖ್ಯೆಯ ಸುತ್ತ ನಡೆಯಿತು, ನರ್ಸಮ್ಮನ ಮುಖ ನೋಡಿ ನಂಬುವ ಸುತ್ತ ಅಲ್ಲ. ಅದು ನನಗೆ ಸಮಾಧಾನ.

ಈಗ ಮಂಗನ ಕಾಯಿಲೆಗೆ ಹೊಸ ಲಸಿಕೆ ಬರುತ್ತಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ಮಾಡಿದ್ದು. ಇದರಲ್ಲೂ ಇರುವುದು ಸತ್ತ ವೈರಸ್ಸೇ, ಜೊತೆಗೆ ರಕ್ಷಣೆ ಹೆಚ್ಚಿಸುವ ಸಹಾಯಕ ವಸ್ತು ಸೇರಿಸಿದ್ದಾರೆ. 28 ದಿನಗಳ ಅಂತರದಲ್ಲಿ ಎರಡು ಡೋಸ್. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಬಂದಿದೆ. ನಾನು ನಿವೃತ್ತಳಾದರೂ ಆಶಾ ಹುಡುಗಿಯರು ಬಂದು ಕೇಳುತ್ತಾರೆ, ಬರುವ ಮಳೆಗಾಲಕ್ಕೆ ಸಿಗುತ್ತದಾ ಎಂದು. ಅವಸರ ಮಾಡಬೇಡಿ ಎನ್ನುತ್ತೇನೆ. ಮೊದಲ ಹಂತದಲ್ಲಿ ಆರೋಗ್ಯವಂತರಾದ ಕೆಲವೇ ಜನರಿಗೆ ಹಾಕಿ ಮುಖ್ಯವಾಗಿ ನೋಡುವುದು ತೊಂದರೆ ಆಗುತ್ತದೆಯೇ ಎಂದು. ಕಾಯಿಲೆ ತಡೆಯುತ್ತದೆಯೇ ಎಂದು ತಿಳಿಯುವುದು ಆಮೇಲೆ, ಅದೂ ಸುಲಭವಲ್ಲ. ಒಂದು ವರ್ಷ ಅರಳಗೋಡು, ಇನ್ನೊಂದು ವರ್ಷ ಸಿದ್ದಾಪುರ, ಮತ್ತೊಂದು ವರ್ಷ ತೀರ್ಥಹಳ್ಳಿ. ಮುಂದಿನ ಮಂಗ ಎಲ್ಲಿ ಸಾಯುತ್ತದೆ ಎಂದು ಯಾರಿಗೂ ಗೊತ್ತಿಲ್ಲದಿರುವಾಗ ಸಾವಿರಾರು ಜನರಿಗೆ ಹಾಕಿ ಕೆಲವು ಬೇಸಿಗೆ ಕಾಯಬೇಕು.

ಲಸಿಕೆ ಬಂದ ದಿನ ಮಾತ್ರ ಕೆಲವನ್ನು ಕೇಳಿಯೇ ಕೇಳಿ ಎಂದು ಅವರಿಗೆ ಬರೆದುಕೊಟ್ಟಿದ್ದೇನೆ. ಎಷ್ಟು ಪರ್ಸೆಂಟ್, ಯಾರನ್ನು ಯಾರ ಜೊತೆ ಹೋಲಿಸಿ ತೆಗೆದದ್ದು? ಎಷ್ಟು ವರ್ಷ ಇರುತ್ತದೆ? ತೋಳು ಎಷ್ಟು ದಿನ ನೋಯುತ್ತದೆ? ಕೊಯ್ಲಿನ ಮೊದಲೇ ಎರಡೂ ಡೋಸ್ ಮುಗಿಸಬಹುದೇ? ಬೂಸ್ಟರ್ ಬೇಕಿದ್ದರೆ ಅದರ ಸ್ಟಾಕ್ ಈಗಲೇ ಎತ್ತಿಟ್ಟಿದ್ದಾರೆಯೇ? ರಿಜಿಸ್ಟರಿನಲ್ಲಿ "ಲಸಿಕೆ ಲಭ್ಯವಿರಲಿಲ್ಲ" ಎಂಬ ಕಾಲಂ ಇದೆಯೇ? ಹಾಕಿಸಿಕೊಂಡವರಲ್ಲಿ ಕಾಯಿಲೆ ಬಂದವರ ಲೆಕ್ಕವನ್ನು ಪ್ರತಿ ಜೂನಿನಲ್ಲಿ ಗ್ರಾಮಸಭೆಯಲ್ಲಿ ಓದಿ ಹೇಳುತ್ತೀರಾ?

ಅಲ್ಲಿಯತನಕ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಅಂಗಳದಲ್ಲಿ ದರಕಿನ ರಾಶಿ ಬೇಡ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡುವುದು, ಜ್ವರ ಬಂದರೆ ಎರಡನೆಯ ದಿನಕ್ಕೆ ಕಾಯದೆ ರಕ್ತ ಪರೀಕ್ಷೆಗೆ ಹೋಗುವುದು.